ಗೊಜಿರಾ ಬರಿಯ ಮಕ್ಕಳಾಟವೇ?

ದೈತ್ಯಪ್ರಾಣಿಯ ಚಲಚ್ಚಿತ್ರವೆಂದೊಡನೆ ಮೂಗು ಮುರಿಯುವ ವಿದ್ವಾಂಸರು ನಮ್ಮಲ್ಲಿ ಕಡಿಮೆಯಿಲ್ಲ. ಅದು ಮಕ್ಕಳನ್ನು ಹೆದರಿಸುವ ಅಗ್ಗದ ಆಟ, ಅದರಲ್ಲಿ ಸಾಹಿತ್ಯವೆಲ್ಲಿ ಎಂಬುದು ಅವರ ವಾದ. ಇದೇ ಮಹನೀಯರು ತರಗತಿಯಲ್ಲಿ ಬಕವಧೆಯನ್ನು ಗದ್ಗದಕಂಠದಿಂದ ಪಾಠಮಾಡುತ್ತಾರೆ. ಆ ಕಥೆಯ ಜೀವಾಳ ಬಕನ ಕೋರೆಹಲ್ಲಿನಲ್ಲಿದೆಯೇ? ಏಕಚಕ್ರಪುರದ ಬಡ ಬ್ರಾಹ್ಮಣನ ಮನೆಯಲ್ಲಿ ತಂದೆ, ತಾಯಿ, ಮಗಳು ಒಬ್ಬರನ್ನುಳಿಸಲು ಒಬ್ಬರು ಸಾಯಲು ಮುಂದಾಗುವಾಗ, ತೊದಲುನುಡಿಯ ಮಗು ಹುಲ್ಲುಕಡ್ಡಿ ಹಿಡಿದು ರಾಕ್ಷಸನನ್ನು ಕೊಲ್ಲಹೊರಡುವುದಲ್ಲವೇ ಅದರ ತಿರುಳು?

ಜಪಾನಿನ 'ಗೊಜಿರಾ'ವನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕು. 1954ರ ಮಾರ್ಚ್ 1ರಂದು ಅಮೆರಿಕವು ಬಿಕಿನಿ ದ್ವೀಪವಲಯದಲ್ಲಿ ಹೈಡ್ರೋಜನ್ ಬಾಂಬನ್ನು ಸಿಡಿಸಿದಾಗ, ದೂರದಲ್ಲಿದ್ದ ಜಪಾನೀ ಮೀನುಗಾರರ ದೋಣಿಯ ಮೇಲೆ ವಿಷಭಸ್ಮ ಸುರಿಯಿತು. ಆ ಸೆಪ್ಟೆಂಬರಿನಲ್ಲಿ ದೋಣಿಯ ರೇಡಿಯೋ ನಿರ್ವಾಹಕ ಕುಬೊಯಾಮಾ ತೀರಿಕೊಂಡನು. ನವೆಂಬರ್ 3ರಂದು ಇಶಿರೋ ಹೋಂಡಾನ ಚಿತ್ರ ತೆರೆಕಂಡಿತು. ಅದರ ಆರಂಭವೂ ಸಮುದ್ರದಲ್ಲಿ ಹಠಾತ್ತನೆ ಉರಿದುಹೋಗುವ ಹಡಗಿನಿಂದಲೇ. ನೋಡಲು ಬಂದವರಿಗೆ ಅದು ಕಟ್ಟುಕಥೆಯಾಗಿ ಕಂಡಿರಲಾರದು.

ಟೋಕಿಯೋ ಉರಿಯುವಾಗ ಒಬ್ಬ ತಾಯಿ ಮಕ್ಕಳನ್ನು ಅಪ್ಪಿಕೊಂಡು, ಇನ್ನು ಅಪ್ಪನ ಬಳಿಗೆ ಹೋಗುವೆವೆಂದು ಸಂತೈಸುತ್ತಾಳೆ. ವಿಜ್ಞಾನಿ ಸೆರಿಜಾವಾ ಪ್ರಾಣಿಯನ್ನು ಕೊಲ್ಲಬಲ್ಲ ಅಸ್ತ್ರವನ್ನು ಕಂಡುಹಿಡಿದಿದ್ದರೂ, ಅದು ಆಳುವವರ ಕೈಸೇರಿದರೆ ಮತ್ತೊಂದು ಬಾಂಬಾಗುವುದೆಂದು ಅಂಜುತ್ತಾನೆ. ಶಾಲಾಬಾಲಿಕೆಯರ ಶಾಂತಿಪ್ರಾರ್ಥನೆ ಕೇಳಿದ ಮೇಲೆಯೇ ಅವನ ಮನಸ್ಸು ಕರಗುವುದು. ಬರಹಗಳನ್ನೆಲ್ಲ ಸುಟ್ಟು, ಕಡಲಿನ ತಳಕ್ಕಿಳಿದು, ತನ್ನನ್ನು ಮೇಲಕ್ಕೆಳೆಯಬೇಕಾದ ಹಗ್ಗವನ್ನು ತಾನೇ ಕತ್ತರಿಸುತ್ತಾನೆ. ಅಸ್ತ್ರದ ಗುಟ್ಟು ಅವನೊಡನೆಯೇ ಮುಳುಗುತ್ತದೆ. ವಿಜ್ಞಾನಿಯ ಧರ್ಮಸಂಕಟವನ್ನು ಇದಕ್ಕಿಂತ ಸ್ಪಷ್ಟವಾಗಿ ವಿದ್ಯಾರ್ಥಿಗಳಿಗೆ ತಿಳಿಸಬಲ್ಲ ಪಾಠಗಳೆಷ್ಟಿವೆ?

1956ರಲ್ಲಿ ಅಮೆರಿಕದ ವ್ಯಾಪಾರಿಗಳು ಈ ಚಿತ್ರವನ್ನು ಕತ್ತರಿಸಿ, ಬಾಂಬಿನ ಮಾತುಗಳನ್ನು ಬಹುಮಟ್ಟಿಗೆ ತೆಗೆದುಹಾಕಿ, ತಮ್ಮ ನಟನೊಬ್ಬನನ್ನು ಪತ್ರಕರ್ತನಾಗಿ ನಡುವೆ ತುರುಕಿದರು. ಪ್ರಾಣಿ ಉಳಿಯಿತು, ಮನುಷ್ಯ ಸೊರಗಿದನು. ಆ ಬಳಿಕ ಬಂದ ಅನೇಕ ಚಿತ್ರಗಳು ಬರಿಯ ಕಾದಾಟಗಳೇ. ಅವುಗಳ ಪರವಾಗಿ ನಾನು ವಾದಿಸಲಾರೆ. ಆದರೆ ಕೆಟ್ಟ ಕಾದಂಬರಿಗಳಿವೆಯೆಂದು ಕಾದಂಬರಿಯನ್ನೇ ತ್ಯಜಿಸುವವರುಂಟೇ?

2023ರಲ್ಲಿ ತಕಾಶಿ ಯಮಜಾಕಿಯ 'ಗಾಡ್ಜಿಲ್ಲಾ ಮೈನಸ್ ಒನ್' ಮತ್ತೆ ಮನುಷ್ಯನನ್ನು ನಡುವೆ ನಿಲ್ಲಿಸಿತು. ಇದರ ನಾಯಕ ಆತ್ಮಾಹುತಿಗೆ ಹೊರಟು, ವಿಮಾನ ಕೆಟ್ಟಿದೆಯೆಂದು ಸುಳ್ಳು ಹೇಳಿ ಬದುಕುಳಿದ ವೈಮಾನಿಕ. ಮನೆಮಠ ಕಳೆದುಕೊಂಡ ತರುಣಿ, ಯಾರದೋ ಅನಾಥ ಶಿಶು, ಇವರೇ ಅವನ ಸಂಸಾರ. ಬದುಕಿದ್ದೇ ಅಪರಾಧವೆಂದು ಕೊರಗುವವನಿಗೆ ಕಡೆಗೆ ವಿಮಾನದಿಂದ ಹಾರಿ ಪಾರಾಗುವ ಆಸನವನ್ನು ಜೋಡಿಸಿಕೊಟ್ಟು, ಬದುಕು ಎನ್ನುತ್ತಾನೆ ಒಬ್ಬ ಯಂತ್ರಕುಶಲಿ. ಸಾಯುವುದೇ ಶೌರ್ಯವೆಂದು ಕಲಿಸಿದ ರಾಜ್ಯಕ್ಕೆ ಇದೇ ಉತ್ತರ. 2024ರಲ್ಲಿ ಈ ಚಿತ್ರದ ದೃಶ್ಯಚಮತ್ಕಾರಕ್ಕೆ ಆಸ್ಕರ್ ದೊರೆಯಿತು. ಆದರೆ ಪ್ರೇಕ್ಷಕನ ಕಣ್ಣು ತೇವವಾಗುವುದು ಆ ಚಮತ್ಕಾರಕ್ಕಲ್ಲ.

ಜಪಾನೀ ಸೈನ್ಯವು ಚೀನಾ, ಕೊರಿಯಾಗಳಲ್ಲಿ ಮಾಡಿದ ಕ್ರೌರ್ಯವನ್ನು ಈ ಚಿತ್ರ ನೆನೆಯುವುದಿಲ್ಲವೆಂದು ಆಕ್ಷೇಪಿಸಬಹುದು. ಒಪ್ಪುತ್ತೇನೆ, ಅದು ದೊಡ್ಡ ಕೊರತೆಯೇ. ಆದರೆ ಇಂಥ ಪ್ರಶ್ನೆಯನ್ನು ಮಕ್ಕಳಾಟಕ್ಕೆ ಯಾರೂ ಕೇಳುವುದಿಲ್ಲ, ಕಲಾಕೃತಿಗೆ ಕೇಳುತ್ತಾರೆ.

ಅಧ್ಯಾಪಕಮಿತ್ರರೇ, ವಿದ್ಯಾರ್ಥಿಗಳು ಇಂಥ ಚಿತ್ರವನ್ನು ನೋಡಿ ಬಂದರೆ ಗದರಿಸಬೇಡಿ. ಪ್ರಾಣಿ ಎಷ್ಟು ಎತ್ತರವಿತ್ತೆಂದು ಅವರೇ ಹೇಳಿಯಾರು. ಅದು ಬಂದಾಗ ಯಾರು ಯಾರ ಕೈ ಹಿಡಿದರೆಂದು ನೀವು ಕೇಳಿ. ಉತ್ತರ ಬಂದರೆ ಸಾಹಿತ್ಯಪಾಠ ಆಗಲೇ ಆರಂಭವಾಗಿದೆಯೆಂದು ತಿಳಿಯಿರಿ.