ಕಡಲಿಗಿಳಿದರೆ ಶಾರ್ಕ್ ಕಚ್ಚೀತೇ?

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಮೀನಿನ ಸಾಲಿನಲ್ಲಿ ಮಂಜುಗಡ್ಡೆಯ ಮೇಲೆ ಬೂದುಬಣ್ಣದ ಮರಿ ಶಾರ್ಕ್‌ಗಳು ಆಗಾಗ ಕಾಣಸಿಗುತ್ತವೆ. ತಮಿಳು ಮಾತಾಡುವ ಗಿರಾಕಿಗಳಿಗೆ ಅದು ‘ಸುರಾ’, ಕರಾವಳಿಯವರಿಗೆ ‘ತಾಟೆ’. ಇದರ ಒಂದು ಜಾತಿಯನ್ನು ಬಾಣಂತಿಗೆ ಬೇಯಿಸಿ ಬಡಿಸಿದರೆ ಎದೆಹಾಲು ಹೆಚ್ಚುತ್ತದೆಂಬ ನಂಬಿಕೆಯಿಂದ ಅದಕ್ಕೆ ‘ಹಾಲು ಶಾರ್ಕ್’ ಎಂಬ ಹೆಸರೇ ಅಂಟಿಕೊಂಡಿದೆ. ಮನುಷ್ಯ ಶಾರ್ಕನ್ನು ತಿನ್ನುವುದು ಹೀಗೆ ದಿನನಿತ್ಯದ ಮಾತು. ಶಾರ್ಕ್ ಮನುಷ್ಯನನ್ನು ತಿನ್ನುವುದು?

ಅದರ ಲೆಕ್ಕ ಇಡುವವರೂ ಇದ್ದಾರೆ. ಅಮೆರಿಕದ ಫ್ಲಾರಿಡಾದ ವಸ್ತುಸಂಗ್ರಹಾಲಯವೊಂದು ನಿರ್ವಹಿಸುವ ಅಂತಾರಾಷ್ಟ್ರೀಯ ದಾಖಲೆಯ ಪ್ರಕಾರ, ಕೆಣಕದಿದ್ದರೂ ಶಾರ್ಕ್ ಕಚ್ಚಿದ ಪ್ರಕರಣಗಳು 2024ರಲ್ಲಿ ಇಡೀ ಜಗತ್ತಿನಲ್ಲಿ 47. ಅವುಗಳಲ್ಲಿ ಸತ್ತವರು ನಾಲ್ವರು. ಶಾರ್ಕ್‌ಗಳಲ್ಲಿ 500ಕ್ಕೂ ಹೆಚ್ಚು ಜಾತಿಗಳಿದ್ದರೂ ಹೆಚ್ಚಿನ ಅನಾಹುತಕ್ಕೆ ಕಾರಣ ಮೂರೇ: ಬಿಳಿ ಶಾರ್ಕ್, ಹುಲಿ ಶಾರ್ಕ್ ಮತ್ತು ಬುಲ್ ಶಾರ್ಕ್. ಎಲ್ಲಕ್ಕಿಂತ ದೊಡ್ಡದಾದ ತಿಮಿಂಗಿಲ ಶಾರ್ಕ್ ನೀರನ್ನು ಸೋಸಿ ಸಣ್ಣಪುಟ್ಟ ಜೀವಿಗಳನ್ನು ತಿನ್ನುವ ಸಾಧು ಪ್ರಾಣಿ. ಇಷ್ಟೆಲ್ಲ ಇದ್ದೂ ಜನರ ಮನಸ್ಸಿನಲ್ಲಿ ಉಳಿದಿರುವುದು 1975ರ ‘ಜಾಸ್’ ಸಿನಿಮಾದ ಶಾರ್ಕ್ ಮಾತ್ರ. ಆ ಕಥೆ ಬರೆದ ಪೀಟರ್ ಬೆಂಚ್ಲಿ ಮುಂದೆ ಶಾರ್ಕ್‌ಗಳ ರಕ್ಷಣೆಗೇ ದುಡಿದರೆಂಬುದು ಸಿನಿಮಾದಷ್ಟು ಪ್ರಸಿದ್ಧವಾಗಲಿಲ್ಲ!

ನಮ್ಮ ದೇಶದಲ್ಲಿ ಶಾರ್ಕ್ ಕಚ್ಚಿದ್ದೇ ಇಲ್ಲವೆಂದಲ್ಲ. 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ವೈತರಣಾ ನದಿಯಲ್ಲಿ ಮೀನು ಹಿಡಿಯಲು ಇಳಿದವರೊಬ್ಬರ ಕಾಲಿಗೆ ಶಾರ್ಕ್ ಕಚ್ಚಿತ್ತು. ಅದು ದೊಡ್ಡ ಸುದ್ದಿಯಾಯಿತು. ಅಪರೂಪದ ಸಂಗತಿಯಾದ್ದರಿಂದಲೇ ಸುದ್ದಿಯಾಯಿತು.

ಬೆಂಗಳೂರಿನ ಮಕ್ಕಳು ರಜೆಯಲ್ಲಿ ಹೋಗಬಯಸುವ ಕಡಲತೀರಗಳಲ್ಲಿ ಮುರ್ಡೇಶ್ವರ ಒಂದು. ಅಲ್ಲಿಂದ ದೋಣಿಯಲ್ಲಿ ಹೋಗಬಹುದಾದ ನೇತ್ರಾಣಿ ದ್ವೀಪದ ಬಳಿ ಮುಳುಗು ಹಾಕುವವರಿಗೆ ಕೆಲವೊಮ್ಮೆ ಶಾರ್ಕ್‌ಗಳು ಕಾಣಿಸುತ್ತವೆ. ಅವುಗಳನ್ನು ನೋಡಲೆಂದೇ ಹಣ ಕೊಟ್ಟು ಹೋಗುವವರೂ ಉಂಟು. ಆದರೆ 2024ರ ಡಿಸೆಂಬರ್ 10ರಂದು ಅದೇ ಮುರ್ಡೇಶ್ವರದ ದಡದಲ್ಲಿ, ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಕೆ.ಆರ್. ಪುರ ದಾಟಿ ಕೋಲಾರದತ್ತ ಸಾಗುವ ಹೆದ್ದಾರಿಯಲ್ಲಿ ಸಿಗುವ ಮುಳಬಾಗಿಲಿನ ವಸತಿ ಶಾಲೆಯ ಹುಡುಗಿಯರು ಅವರು. ಮೂವರನ್ನು ಉಳಿಸಲಾಯಿತು. ಭಾರತದಲ್ಲಿ ಕೆರೆ, ಬಾವಿ, ನದಿ, ಕಡಲುಗಳಲ್ಲಿ ಮುಳುಗಿ ಸಾಯುವವರ ಸಂಖ್ಯೆ ವರ್ಷಕ್ಕೆ 30 ಸಾವಿರಕ್ಕೂ ಮಿಕ್ಕಿದ್ದು.

ಈಜು ಬಲ್ಲವರೂ ಕಡಲಲ್ಲಿ ಸೋಲುವುದೇಕೆ? ಅದಕ್ಕೊಂದು ಮುಖ್ಯ ಕಾರಣ ಸೆಳವು. ಅಲೆಗಳು ಹೊತ್ತು ತಂದ ನೀರು ದಡದಿಂದ ಹಿಂದಿರುಗಲೇಬೇಕಷ್ಟೆ. ನೀರಡಿಯ ಮರಳುದಿಬ್ಬದಲ್ಲಿ ಎಲ್ಲೋ ಒಂದು ಕಂಡಿ ಇದ್ದರೆ ಆ ನೀರೆಲ್ಲ ಅಲ್ಲಿಂದಲೇ ನುಗ್ಗುತ್ತದೆ. ಕೆಲವೊಮ್ಮೆ ಅದರ ವೇಗ ಸೆಕೆಂಡಿಗೆ ಎರಡು ಮೀಟರು ಮೀರುತ್ತದೆ. ಒಲಿಂಪಿಕ್ ಈಜುಗಾರನಿಗೂ ಎದುರೀಜುವುದು ಕಷ್ಟ. ಸೆಳವು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ದಡದ ಕಡೆಗೇ ನೇರವಾಗಿ ಈಜಲು ಹೋದವನು ದಣಿದು ಮುಳುಗುತ್ತಾನೆ. ಗಾಬರಿಯಾಗದೆ ತೇಲುತ್ತ, ಕೈಯೆತ್ತಿ ಕರೆಯುವುದು ಒಂದು ದಾರಿ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಒಂದಿಷ್ಟು ದೂರ ಈಜಿ, ಅಲೆ ಒಡೆಯುತ್ತಿರುವ ಕಡೆಯಿಂದ ಮರಳುವುದು ಇನ್ನೊಂದು.

ಹಲಸೂರು ಕೆರೆಯ ಬಳಿಯ ಕೆನ್ಸಿಂಗ್ಟನ್ ಈಜುಕೊಳದಲ್ಲಿ ಕಂಟೋನ್ಮೆಂಟಿನ ಎಷ್ಟೋ ಮಕ್ಕಳು ಕೈಕಾಲು ಬಡಿಯಲು ಕಲಿತರು. ಈಜು ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಳದ ನೀರು ನಿಂತ ನೀರು, ಸುಸ್ತಾದರೆ ಹಿಡಿದುಕೊಳ್ಳಲು ನಾಲ್ಕು ಕಡೆ ಗೋಡೆ. ‘ನಮ್ಮ ಹುಡುಗ ಚೆನ್ನಾಗಿ ಈಜುತ್ತಾನೆ’ ಎಂಬ ತಂದೆತಾಯಿಯ ಧೈರ್ಯಕ್ಕೆ ಕಡಲಲ್ಲಿ ಅಷ್ಟು ಬೆಲೆಯಿಲ್ಲ. ಇನ್ನೊಂದು ಮೋಸವೂ ಉಂಟು: ಸೆಳವಿರುವ ಜಾಗದಲ್ಲಿ ನೀರು ಆಳವಾಗಿರುವುದರಿಂದ ಅಲೆಗಳು ಅಷ್ಟಾಗಿ ಒಡೆಯುವುದಿಲ್ಲ. ಅಬ್ಬರದ ಎರಡು ಅಲೆಸಾಲುಗಳ ನಡುವೆ ಆ ಪಟ್ಟಿ ಶಾಂತವಾಗಿ ಕಾಣುತ್ತದೆ, ಮಕ್ಕಳನ್ನು ಆಡಲು ಬಿಡಲು ಅದೇ ಒಳ್ಳೆಯ ಜಾಗವೆಂದು ತೋರುತ್ತದೆ. ನೀರಿಗಿಳಿಯುವ ಮೊದಲು ದಡದ ಎತ್ತರದ ಜಾಗದಲ್ಲಿ ಹತ್ತು ನಿಮಿಷ ನಿಂತು ನೋಡಿದರೆ, ನೊರೆಯೋ ಕಲಕಿದ ಮರಳೋ ಕಡಲ ಕಡೆಗೆ ಸಾಗುತ್ತಿರುವ ಕಪ್ಪನೆಯ ಪಟ್ಟಿ ಹಲವು ಬಾರಿ ಕಣ್ಣಿಗೆ ಬೀಳುತ್ತದೆ. ಕಾಣದಿದ್ದರೆ ಜೀವರಕ್ಷಕರನ್ನು ಕೇಳಬಹುದು; ಅವರು ದಿನವೂ ಆ ನೀರನ್ನೇ ನೋಡುತ್ತಿರುವವರು.