ಬೀಗವಿಲ್ಲದ ಲಾಕ್

ಮಕ್ಕಳೇ, ನಾಲೆ ಎಂದರೆ ನಮಗೆ ನೆನಪಾಗುವುದು ಗದ್ದೆಗೆ ಹರಿಯುವ ನೀರು. ಇಂಗ್ಲೆಂಡಿನಲ್ಲಿ ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ನಾಲೆ ತೋಡಿದ್ದು ಬೇರೆಯೇ ಕೆಲಸಕ್ಕೆ. ಆಗಿನ್ನೂ ರೈಲು ಬಂದಿರಲಿಲ್ಲ, ಮಳೆ ಬಂದರೆ ರಸ್ತೆಯೆಲ್ಲ ಕೆಸರು. ಕಲ್ಲಿದ್ದಲು, ಕಬ್ಬಿಣ, ದವಸವನ್ನು ದೋಣಿಗೆ ತುಂಬಿ, ದಡದ ಮೇಲೆ ನಡೆಯುವ ಕುದುರೆಯಿಂದ ಎಳೆಸುತ್ತಿದ್ದರು. ಗಾಡಿಗೆ ಕಟ್ಟಿದರೆ ಒಂದೆರಡು ಟನ್ನಿಗೇ ಏದುಸಿರು ಬಿಡುವ ಕುದುರೆ, ನೀರಿನ ಮೇಲೆ 25 ಟನ್ ಎಳೆಯುತ್ತಿತ್ತು.

ಆದರೆ ನೀರು ಗುಡ್ಡ ಹತ್ತುವುದಿಲ್ಲವಲ್ಲ! ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮ್ ಕಡೆಗೆ ಹೋಗುವ ಗ್ರ್ಯಾಂಡ್ ಜಂಕ್ಷನ್ ನಾಲೆಯ ದಾರಿಯಲ್ಲಿ ಸ್ಟೋಕ್ ಬ್ರೂಅರ್ನ್ ಎಂಬ ಹಳ್ಳಿ ಇದೆ. ಅಲ್ಲಿ ದೋಣಿ 56 ಅಡಿ ಮೇಲೇರಬೇಕು. ಅದಕ್ಕಾಗಿ 7 ಮೆಟ್ಟಿಲು ಮಾಡಿದ್ದಾರೆ. ಒಂದೊಂದು ಮೆಟ್ಟಿಲಿಗೂ ಲಾಕ್ ಎಂದು ಹೆಸರು.

ಲಾಕ್ ಎಂದರೆ ಒಂದು ಉದ್ದನೆಯ ತೊಟ್ಟಿ, ಎರಡು ತುದಿಗೂ ಮರದ ಬಾಗಿಲು. ಕೆಳಗಿನಿಂದ ಬಂದ ದೋಣಿ ಒಳಗೆ ಹೋಗುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತಾರೆ. ಮೇಲಿನ ತೂಬಿನ ಹಲಗೆಯನ್ನು ಹಿಡಿಕೆ ತಿರುಗಿಸಿ ಎತ್ತಿದರೆ ನೀರು ನುಗ್ಗಿ ತೊಟ್ಟಿ ತುಂಬುತ್ತದೆ, ದೋಣಿಯೂ ಏರುತ್ತದೆ. ನೀರು ಎರಡೂ ಕಡೆ ಸಮವಾಗುವ ತನಕ ಮೇಲಿನ ಬಾಗಿಲನ್ನು ಎಂಥ ಪೈಲ್ವಾನನೂ ತೆರೆಯಲಾರ. ಒಂದು ಬಾಗಿಲು ತೆರೆದಾಗ ಇನ್ನೊಂದು ಮುಚ್ಚಿರಲೇಬೇಕು. ಬೀಗವೂ ಇಲ್ಲ, ಕೀಲಿಕೈಯೂ ಇಲ್ಲ, ನೀರಿನ ಭಾರವೇ ಕಾವಲುಗಾರ. ಎರಡು ಕೀಲಿಕೈ ಇಲ್ಲದೆ ತೆರೆಯದ ಬ್ಯಾಂಕ್ ಲಾಕರಿನ ಮುಂದೆ ವರ್ಷಗಟ್ಟಲೆ ನಿಂತ ನನಗೆ ಈ ಏರ್ಪಾಡು ಬಹಳ ಹಿಡಿಸಿತು.

ಒಂದು ಸಲ ತುಂಬಲು ಸುಮಾರು 2.5 ಲಕ್ಷ ಲೀಟರ್ ನೀರು ಬೇಕು. ಖರ್ಚಾದ ನೀರು ಕೆಳಗೆ ಹೋಯಿತೆಂದೇ ಲೆಕ್ಕ. ಆದ್ದರಿಂದ 14 ಅಡಿ ಅಗಲದ ತೊಟ್ಟಿಯಲ್ಲಿ 7 ಅಡಿಯ ಎರಡು ದೋಣಿ ಜೊತೆಯಾಗಿ ಹೋದರೆ ಉಳಿತಾಯ.

1838ರಲ್ಲಿ ಲಂಡನ್-ಬರ್ಮಿಂಗ್‌ಹ್ಯಾಮ್ ರೈಲು ಬಂತು. ದೋಣಿಯ ಬಾಡಿಗೆ ಇಳಿಯಿತು. ಆಳಿಗೆ ಕೂಲಿ, ಮನೆಗೆ ಬಾಡಿಗೆ ಎರಡನ್ನೂ ಕೊಡಲಾರದ ಎಷ್ಟೋ ದೋಣಿಯವರು ಹೆಂಡತಿ ಮಕ್ಕಳನ್ನು ದೋಣಿಗೇ ಕರೆದುಕೊಂಡು ಬಂದರು. ಹತ್ತಡಿ ಉದ್ದದ ಕೋಣೆಯಲ್ಲಿ ಒಲೆ, ಹಾಸಿಗೆ, ಇಡೀ ಸಂಸಾರ! ಮಕ್ಕಳೇ ಕೆಲಸಗಾರರು. ಮುಂದೆ ಓಡಿ ಲಾಕ್ ಸಿದ್ಧಮಾಡುವುದು, ಕುದುರೆ ನಡೆಸುವುದು. ಊರಿನ ಪಕ್ಕದ ಬ್ಲಿಸ್‌ವರ್ತ್ ಸುರಂಗ 1805ರದು, 2.8 ಕಿಲೋಮೀಟರ್ ಉದ್ದ. ಒಳಗೆ ಕುದುರೆಗೆ ದಾರಿಯಿಲ್ಲ. ಕುದುರೆಯನ್ನು ಗುಡ್ಡದ ಮೇಲಿನಿಂದ ದಾಟಿಸುತ್ತಿದ್ದರು. ದೊಡ್ಡವರು ಹಲಗೆಯ ಮೇಲೆ ಮಲಗಿ ಗೋಡೆಗೆ ಕಾಲು ಒದ್ದು ಒದ್ದು ದೋಣಿ ಸಾಗಿಸುತ್ತಿದ್ದರು.

ಶಾಲೆ? ಸರಕು ಮುಟ್ಟಿಸಿದರೆ ಮಾತ್ರ ದುಡ್ಡು, ದೋಣಿ ನಿಲ್ಲುವ ಹಾಗಿಲ್ಲ. ಬಾಲ್ಯದಲ್ಲಿ ಇಟ್ಟಿಗೆ ಗೂಡಿನಲ್ಲಿ ದುಡಿದಿದ್ದ ಜಾರ್ಜ್ ಸ್ಮಿತ್ ಎಂಬಾತ ಈ ಮಕ್ಕಳಿಗಾಗಿ ಹೋರಾಡಿದ. 1877ರಲ್ಲಿ ಕಾನೂನಾಯಿತು. ದೋಣಿಗೆ ನೋಂದಣಿ, ಒಳಗೆ ಎಷ್ಟು ಜನ ಇರಬಹುದೆಂಬ ಮಿತಿ. ನೋಂದಣಿಯಾದ ಊರಿನ ಶಾಲೆಗೆ ಮಕ್ಕಳು ಸೇರಿದವರು. ಆದರೆ ಆ ಊರು ಎಲ್ಲೋ, ದೋಣಿ ಎಲ್ಲೋ. ರಿಜಿಸ್ಟರಿನಲ್ಲಿ ಹೆಸರಿರುವುದಕ್ಕೂ ಹುಡುಗ ಬೆಂಚಿನಲ್ಲಿ ಕೂತಿರುವುದಕ್ಕೂ ಎಷ್ಟು ದೂರವೆಂದು ಹಳೆಯ ಗುಮಾಸ್ತ ನಾನು ಬಲ್ಲೆ. ಇಪ್ಪತ್ತನೆಯ ಶತಮಾನದಲ್ಲೂ ಓದು ಬರೆಹ ಬಾರದ ದೋಣಿಯವರು ಬೇಕಾದಷ್ಟು ಮಂದಿ ಇದ್ದರು.

ದೋಣಿ ತಡೆದು ನಿಲ್ಲುತ್ತಿದ್ದುದು ಲಾಕಿನಲ್ಲಿ ಮಾತ್ರ. ಸ್ಟೋಕ್ ಬ್ರೂಅರ್ನಿನ ನರ್ಸ್ ಮೇರಿ ವಾರ್ಡ್ ಆ ಹೊತ್ತನ್ನೇ ಹಿಡಿದುಕೊಂಡರು. ನಾಲೆಯ ಪಕ್ಕದ ತಮ್ಮ ಮನೆಯನ್ನೇ ದವಾಖಾನೆ ಮಾಡಿ, ಹಾದುಹೋಗುವ ದೋಣಿಯವರ ಗಾಯಕ್ಕೆ ಪಟ್ಟಿ ಕಟ್ಟಿದರು, ಬಾಣಂತಿಯರನ್ನು ನೋಡಿಕೊಂಡರು. ಸಿಸ್ಟರ್ ಮೇರಿ ಎಂದರೆ ನಾಲೆಯುದ್ದಕ್ಕೂ ಗೊತ್ತು. 1951ರಲ್ಲಿ ಸರ್ಕಾರ ಪದಕ ಕೊಟ್ಟಿತು.

1963ರ ಚಳಿಗಾಲದಲ್ಲಿ ವಾರಗಟ್ಟಲೆ ನಾಲೆಗಳು ಹೆಪ್ಪುಗಟ್ಟಿದವು. ಮೊದಲೇ ಸೊರಗಿದ್ದ ಸಾಗಣೆ ಬಹುಪಾಲು ಅಲ್ಲಿಗೆ ಮುಗಿಯಿತು. ಅದೇ ವರ್ಷ ಸ್ಟೋಕ್ ಬ್ರೂಅರ್ನಿನ ಹಳೆಯ ಹಿಟ್ಟಿನ ಗಿರಣಿಯಲ್ಲಿ ನಾಲೆಗಳ ಮ್ಯೂಸಿಯಂ ತೆರೆಯಿತು. ಲಾಕುಗಳು ಮಾತ್ರ ಇಂದಿಗೂ ಕೆಲಸ ಮಾಡುತ್ತವೆ. ರಜೆಗೆ ದೋಣಿ ಬಾಡಿಗೆ ಹಿಡಿದು ಬಂದ ಮನೆಮಂದಿ, ಬಾಗಿಲಿನ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ತಳ್ಳುತ್ತಾರೆ, ಅಜ್ಜ ಮೊಮ್ಮಕ್ಕಳು ಎಲ್ಲರೂ ಸೇರಿ.