ಟೈಮಿಂಗ್ ಮಾರ್ಕು ಯಾರ ಗುಟ್ಟು?

ತುಮಕೂರು ಜಿಲ್ಲೆಯ ಹುಲಿಕುಂಟೆ ಹೋಬಳಿಯ ಕಡೆ ಹಳೇ ಸ್ವಿಫ್ಟ್ ಡೀಸೆಲ್ ಗಾಡಿಯೊಂದು ಬೆಳಗಿನ ಹೊತ್ತು ಸ್ಟಾರ್ಟ್ ಆದ ಕೂಡಲೇ ಕರಕರ ಅಂದು, ಎರಡು ಮೂರು ಸೆಕೆಂಡಿನಲ್ಲಿ ಸುಮ್ಮನಾಯಿತೆಂದರೆ ಅನುಭವಸ್ಥ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ಟೈಮಿಂಗ್ ಚೈನ್ ಮೇಲೆ ಅನುಮಾನಪಡುತ್ತಾನೆ. ಚೈನು ಸಡಿಲ ಬಿಟ್ಟಿರುತ್ತದೆ. ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಎಂಜಿನ್ ಆಯಿಲ್‌ನ ಒತ್ತಡದಿಂದ. ಆಯಿಲ್ ಬದಲಿಸುವುದನ್ನು ಮುಂದೂಡುತ್ತಾ ಬಂದರೆ ಟೆನ್ಷನರ್ ಸೋಲುತ್ತದೆ, ಚೈನ್ ಒಂದೆರಡು ಹಲ್ಲು ಹಾರುತ್ತದೆ. ಆಮೇಲೆ ಪಿಕಪ್ ಇಲ್ಲ, ಹೊಗೆ ಜಾಸ್ತಿ. ಇನ್ನೂ ಹಾರಿದರೆ ವಾಲ್ವುಗಳು ಪಿಸ್ಟನ್‌ಗೆ ಹೊಡೆದು ಬಾಗುತ್ತವೆ, ಹೆಡ್ ಇಳಿಸಬೇಕಾಗುತ್ತದೆ.

ಆಗ ಮಾಲೀಕನ ಮುಂದೆ ಇರುವುದು ಎರಡೇ ದಾರಿ. ಗಾಡಿಯನ್ನು ತುಮಕೂರಿನ ಶೋರೂಮಿಗೆ ಟೋ ಮಾಡಿಸುವುದು, ಇಲ್ಲವೇ ಊರಿನ ಮೆಕ್ಯಾನಿಕ್‌ನನ್ನು ಕರೆಸಿ ಮನೆ ಮುಂದೆಯೇ ಬಿಚ್ಚಿಸುವುದು. ಪಾವಗಡದವರಿಗೆ ತುಮಕೂರು ನೂರು ಕಿಲೋಮೀಟರಿನಷ್ಟು ದೂರ. ಹತ್ತು ಹನ್ನೆರಡು ವರ್ಷ ಓಡಿದ ಗಾಡಿಗೆ ಅಷ್ಟೆಲ್ಲ ಹಣ ಸುರಿಯುವವರು ಕಡಿಮೆ. ಹೀಗಾಗಿ ಶಿರಾ, ಮಧುಗಿರಿ, ಕೊರಟಗೆರೆಯ ಊರುಗಳಲ್ಲಿ ಈ ಕೆಲಸ ನಡೆಯುವುದು ಹುಣಸೆಮರದ ನೆರಳಲ್ಲಿ, ಟಾರ್ಪಾಲ್ ಹಾಸಿದ ನೆಲದ ಮೇಲೆ.

ನಗರದವರು ಇದನ್ನು ಕಂಡು ಮೂಗು ಮುರಿಯಬಹುದು. ಆದರೆ ಟೈಮಿಂಗ್ ಕೂರಿಸುವುದು ಮಂತ್ರವಿದ್ಯೆಯೇನಲ್ಲ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ವಾಲ್ವು ತೆರೆಯುವ ಕ್ಯಾಮ್ ಒಂದು ಸುತ್ತು ತಿರುಗಬೇಕು. ಅದಕ್ಕೇ ಕ್ಯಾಮ್ ಚಕ್ರದ ಹಲ್ಲು ಕ್ರ್ಯಾಂಕ್ ಚಕ್ರದ್ದಕ್ಕಿಂತ ಎರಡರಷ್ಟು. ಮಾರುತಿಯ ಕೆ-ಸರಣಿಯ ಪೆಟ್ರೋಲ್ ಎಂಜಿನ್‌ಗಳಲ್ಲಿ ಚೈನಿನ ಬಣ್ಣದ ಕೊಂಡಿಗಳನ್ನು ಚಕ್ರದ ಮೇಲಿನ ಗುರುತುಗಳಿಗೆ ಸರಿಯಾಗಿ ಕೂರಿಸಿ, ಟೆನ್ಷನರ್‌ನ ಪಿನ್ ತೆಗೆದು, ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡಬೇಕು. ಹೊಸಬರು ಕಂಗಾಲಾಗುವುದು ಇಲ್ಲೇ. ತಿರುಗಿಸಿದ ಮೇಲೆ ಬಣ್ಣದ ಕೊಂಡಿಗಳು ಗುರುತಿನಿಂದ ದೂರ ಸರಿದಿರುತ್ತವೆ. ಅದು ತಪ್ಪಲ್ಲ, ಕೊಂಡಿಗಳು ಮತ್ತೆ ಅದೇ ಜಾಗಕ್ಕೆ ಬರಲು ಎಷ್ಟೋ ಸುತ್ತು ಬೇಕು. ನೋಡಬೇಕಾದ್ದು ಚಕ್ರದ ಗುರುತುಗಳನ್ನು. ಇದು ಗೊತ್ತಿಲ್ಲದವರು ಸರಿಯಾಗಿ ಕೂತ ಚೈನನ್ನು ಮತ್ತೆ ಬಿಚ್ಚಿ ಕೆಡಿಸುತ್ತಾರೆ.

ಇನ್ನೊಂದು ರೂಢಿಯಿದೆ: ಬಿಚ್ಚುವ ಮೊದಲು ಹಳೇ ಚೈನಿಗೂ ಚಕ್ರಕ್ಕೂ ವೈಟ್ನರ್ ಬಳಿದು ಗುರುತು ಮಾಡಿಕೊಳ್ಳುವುದು. ಚೈನು ಸರಿಯಾಗಿದ್ದರೆ ಒಳ್ಳೆಯ ಉಪಾಯವೇ. ಮೊದಲೇ ಹಲ್ಲು ಹಾರಿದ್ದರೆ, ಆ ತಪ್ಪನ್ನೇ ಜೋಪಾನವಾಗಿ ನಕಲು ಮಾಡಿದಂತಾಯಿತು. ಕವರ್ ಮುಚ್ಚುವಾಗ ಗ್ಯಾಸ್ಕೆಟ್ ಪೇಸ್ಟ್ ಧಾರಾಳವಾಗಿ ಮೆತ್ತಿದರಂತೂ ಅದರ ತುಣುಕು ಎಂಜಿನ್ ತಳದ ಸಂಪಿಗೆ ಬಿದ್ದು ಆಯಿಲ್ ಜಾಲರಿ ಕಟ್ಟಿಕೊಂಡು, ಹೊಸ ಟೆನ್ಷನರ್ ಕೂಡ ಹಳೆಯದರ ಗತಿಯನ್ನೇ ಕಾಣುತ್ತದೆ.

ಸ್ವಿಫ್ಟ್ ಡೀಸೆಲ್‌ನ 1.3 ಲೀಟರ್ ಮಲ್ಟಿಜೆಟ್‌ನದು ಬೇರೆಯೇ ಕಥೆ. ಫಿಯೆಟ್ ರೂಪಿಸಿದ ಈ 1248 ಸಿಸಿ ಎಂಜಿನ್ ಸ್ವಿಫ್ಟ್, ಡಿಸೈರ್, ಎರ್ಟಿಗಾದಿಂದ ಹಿಡಿದು ಟಾಟಾ ವಿಸ್ತಾ, ಮಾಂಜಾ, ಫಿಯೆಟ್ ಪುಂಟೊವರೆಗೆ ಹಬ್ಬಿತ್ತು. ವಾಹನ ಲೋಕದವರು ಅದಕ್ಕೆ ‘ಭಾರತದ ರಾಷ್ಟ್ರೀಯ ಎಂಜಿನ್’ ಎಂದೇ ಹೆಸರಿಟ್ಟಿದ್ದರು. ಅದರ ಟೈಮಿಂಗ್ ಕೂರಿಸಲು ಕ್ಯಾಮ್‌ಗಳನ್ನೂ ಕ್ರ್ಯಾಂಕನ್ನೂ ಅಳತೆಯ ಪಿನ್‌ಗಳಿಂದ ಲಾಕ್ ಮಾಡಬೇಕು. ಪಿನ್ ಎಲ್ಲಿ ಹೋಗಬೇಕು, ಯಾವ ಬೋಲ್ಟಿಗೆ ಎಷ್ಟು ಟಾರ್ಕ್ ಎಂಬುದೆಲ್ಲ ಇರುವುದು ಕಂಪನಿಯ ವರ್ಕ್‌ಶಾಪ್ ಪುಸ್ತಕದಲ್ಲಿ. ಆ ಪುಸ್ತಕವಿಲ್ಲದವನು ಡ್ರಿಲ್ ಬಿಟ್ಟನ್ನೋ ಗೆರೆ ಸವೆದ ಬೋಲ್ಟನ್ನೋ ತುರುಕಿ, ಹಿಂದಿ ಯೂಟ್ಯೂಬ್ ವಿಡಿಯೊವನ್ನು ಅಲ್ಲಲ್ಲಿ ನಿಲ್ಲಿಸುತ್ತಾ ಕೆಲಸ ಮುಗಿಸುತ್ತಾನೆ.

ಕೈ ಕೆಲಸದಲ್ಲಿ ಅವನು ಯಾರಿಗೂ ಕಡಿಮೆಯಿಲ್ಲ. ಕೊರತೆ ಇರುವುದು ಪುಸ್ತಕದ್ದು, ಮತ್ತು ಆ ಕೊರತೆಯನ್ನು ಕಂಪನಿಗಳೇ ಸೃಷ್ಟಿಸಿವೆ. ಗಾಡಿ ಜೊತೆ ಕೊಡುವ ಕೈಪಿಡಿ ಸೀಟು ಸರಿಸುವುದನ್ನು ಚಿತ್ರ ಸಮೇತ ಹೇಳುತ್ತದೆ, ಎಂಜಿನ್ ವಿಷಯ ಬಂದರೆ ಡೀಲರನ್ನು ಕಾಣಿ ಎನ್ನುತ್ತದೆ.

ಹೀಗೆ ಮಾಹಿತಿ ಮುಚ್ಚಿಡುವುದು ತಪ್ಪೆಂದು ಭಾರತೀಯ ಸ್ಪರ್ಧಾ ಆಯೋಗ ಯಾವತ್ತೋ ಹೇಳಿಯಾಗಿದೆ. 2011ರ ದೂರೊಂದರ ಮೇಲೆ 2014ರ ಆಗಸ್ಟ್ 25ರಂದು ಅದು ಮಾರುತಿ ಸುಜುಕಿ, ಟಾಟಾ, ಮಹೀಂದ್ರ, ಟೊಯೊಟಾ ಸೇರಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ಬಿಡಿಭಾಗ, ರಿಪೇರಿ ಪುಸ್ತಕ, ದೋಷ ಪತ್ತೆ ಮಾಡುವ ಉಪಕರಣಗಳನ್ನು ಹೊರಗಿನ ಗ್ಯಾರೇಜಿಗೆ ಸಿಗದಂತೆ ತಡೆದದ್ದು ಆರೋಪ. ಅವನ್ನು ಒದಗಿಸಿ, ಹೊರಗೆ ರಿಪೇರಿ ಮಾಡಿಸಿದರೆಂಬ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡಬೇಡಿ ಎಂದೂ ಆಯೋಗ ಹೇಳಿತು. ಕಂಪನಿಗಳು ಕೋರ್ಟು ಹತ್ತಿದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕು’ ಸಮಿತಿ ರಚಿಸಿ, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಅಮೆರಿಕದ ಮ್ಯಾಸಚೂಸೆಟ್ಸ್ 2012ರಲ್ಲೇ ಕಾರು ರಿಪೇರಿಗೆ ಕಾನೂನು ಮಾಡಿಕೊಂಡಿತ್ತು. ಇಲ್ಲಿ ಪೋರ್ಟಲ್ ಇದೆ, ಕಾನೂನಿಲ್ಲ.

ಸುರಕ್ಷತೆಯ ಮಾತನ್ನು ಕಂಪನಿಗಳು ಆಗಾಗ ಮುಂದಿಡುತ್ತವೆ. ಅರೆಬರೆ ಮಾಹಿತಿಯಿಂದ ಬಿಚ್ಚಿದ ಎಂಜಿನ್ ಹೈವೇಯಲ್ಲಿ ನಿಂತರೆ ಅಪಾಯವೇ, ನಿಜ. ಹಾಗಾದರೆ ಪೂರ್ತಿ ಮಾಹಿತಿ ಕೊಡುವುದಲ್ಲವೇ ಅದಕ್ಕೆ ಮದ್ದು?

ರಾಜ್ಯ ಸರ್ಕಾರ ದೆಹಲಿಯ ಕಡೆ ನೋಡುತ್ತಾ ಕೂರಬೇಕಿಲ್ಲ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಸುಮಾರು 4,600 ಕೋಟಿ ರೂಪಾಯಿಯಲ್ಲಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ಅಲ್ಲಿ ಕಲಿತ ಹುಡುಗನಿಗೂ ಊರಿಗೆ ಮರಳಿದ ಮೇಲೆ ಒಂದೊಂದು ಎಂಜಿನ್‌ನ ಗುರುತು, ಟಾರ್ಕು ತಿಳಿಯಲು ಕಂಪನಿಯ ಪುಸ್ತಕವೇ ಬೇಕು. ಪೊಲೀಸ್, ಆರೋಗ್ಯ, ಕಂದಾಯ ಇಲಾಖೆಗಳು ಗಾಡಿ ಕೊಳ್ಳುವಾಗ ಟೆಂಡರಿಗೆ ಒಂದು ಷರತ್ತು ಸೇರಿಸಲಿ: ಆ ಮಾದರಿಯ ರಿಪೇರಿ ಪುಸ್ತಕವನ್ನು ಕನ್ನಡದಲ್ಲಿ ಸಾರ್ವಜನಿಕವಾಗಿ ಬಿಡುಗಡೆ ಮಾಡಬೇಕು. ದೊಡ್ಡ ಗಿರಾಕಿಯ ಮಾತನ್ನು ಕಂಪನಿಗಳು ಕೇಳಿಸಿಕೊಳ್ಳುತ್ತವೆ.

ಮಲ್ಟಿಜೆಟ್‌ನಿಂದಲೇ ಶುರುಮಾಡಬಹುದು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾಲಿನ್ಯ ನಿಯಮ ಜಾರಿಯಾದಾಗಲೇ ಮಾರುತಿ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ಮಾರಾಟವೇ ಇಲ್ಲದ ಎಂಜಿನ್‌ನ ಪಿನ್ ಎಲ್ಲಿ ಹಾಕಬೇಕೆಂಬುದರಲ್ಲಿ ಇನ್ನು ಯಾವ ವ್ಯಾಪಾರ ಗುಟ್ಟೂ ಉಳಿದಿಲ್ಲ. ಆ ಗಾಡಿಗಳು ಮಾತ್ರ ಶಿರಾ–ಮಧುಗಿರಿ ರಸ್ತೆಯಲ್ಲಿ ಇನ್ನೂ ಓಡುತ್ತಿವೆ.